ಗುಬ್ಬಿಯ ಡಬ್ಬಿ

ಬೆಳಿಗ್ಗೆ ಆಫೀಸಿಗೆ ಬಂದು ಕೂತ ತಕ್ಷಣ ಅವನು ಮೊದಲು ಆಂಟಿಯಾಗಬೇಕಿತ್ತು. ಮಕ್ಕಳ ಊಟದ ಡಬ್ಬಿ ಮಾಡುವ ಕಂಪನಿಯ ಸೋಶಿಯಲ್ ಮೀಡಿಯಾ ಖಾತೆ ಅವನ ಕೈಗೆ ಬಂದ ದಿನವೇ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು: ಈ ಡಬ್ಬಿ ಜನರ ಜೊತೆ ಪಕ್ಕದ ಮನೆಯ ಆಂಟಿಯ ಹಾಗೆ ಮಾತಾಡಬೇಕು. ಸ್ವಲ್ಪ ತಲೆಹರಟೆ, ಸ್ವಲ್ಪ ಅಂತಃಕರಣ, ನಡುನಡುವೆ ಒಂದು 'ಅಯ್ಯೋ ನನ್ನ ಕಂದಾ'. ಮಧ್ಯಾಹ್ನ ಅವನು ಹಲ್ಲಿನ ಆಸ್ಪತ್ರೆಯೊಂದರ ಪರವಾಗಿ ಹಲ್ಲಾಗುತ್ತಿದ್ದ. ಆ ಹಲ್ಲಿಗೆ ಬಾಯಿತುಂಬ ಜೋಕು. ಸಂಜೆ ಟೈರ್ ಅಂಗಡಿಯ ಪರವಾಗಿ ಒರಟು ದೋಸ್ತನಾಗಿ 'ಏನಪ್ಪಾ, ಗಾಳಿ ನೋಡಿಸಿ ಎಷ್ಟು ದಿನ ಆಯ್ತು' ಅಂತ ಊರವರನ್ನೆಲ್ಲ ಕೆಣಕುತ್ತಿದ್ದ. ನಲವತ್ತು ಸಮೀಪಿಸಿದ, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಬಂದ ಗಂಡಸು ದಿನವಿಡೀ ಆಂಟಿಯಾಗಿ, ಹಲ್ಲಾಗಿ, ಟೈರಾಗಿ ಮಾತಾಡಿ ಮುಗಿಸುವ ಹೊತ್ತಿಗೆ ಸ್ವಂತದ್ದು ಅಂತ ಉಳಿಯುತ್ತಿದ್ದ ಮಾತು 'ಗ್ಯಾಸ್ ಬಂತಾ', 'ನಲ್ಲಿ ರಿಪೇರಿಯವನು ಬಂದಿದ್ನಾ' ಇಷ್ಟೇ. ಅದರ ಬಗ್ಗೆ ಅವನಿಗೆ ದುಃಖವೇನೂ ಇರಲಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತಾಗ ಕಾಲು ಜೋಮು ಹಿಡಿಯುತ್ತದಲ್ಲ, ಹಾಗಿತ್ತು ಅವನ ಒಳಗೆ. ಇದೆ ಅಂತ ಗೊತ್ತು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ.

ಯಾರೋ ತಾಯಿ ಡಬ್ಬಿಯ ಬಣ್ಣ ಬಿಡುತ್ತಿದೆ ಅಂತ ದೂರು ಹಾಕಿದ್ದಳು. 'ಅಯ್ಯೋ ಹೌದೇನಮ್ಮಾ, ನಮಗೊಂದು ಫೋಟೋ ಕಳಿಸ್ತೀಯಾ' ಅಂತ ಬರೆದು ಮುಗಿಸುವಾಗ ಪರದೆಯ ಮೂಲೆಯ ಕೆಂಪು ಚುಕ್ಕಿ ಒಂದೇ ಸಮನೆ ಉಬ್ಬುತ್ತಿರುವುದು ಕಂಡಿತು. ಸಾಮಾನ್ಯವಾಗಿ ಆ ಚುಕ್ಕಿ ಹಾಗೆ ಉಬ್ಬಿದರೆ ಗ್ರಹಚಾರ ಕೆಟ್ಟಿದೆ ಅಂತ ಅರ್ಥ. ಡಬ್ಬಿಯಲ್ಲಿ ಬಿರುಕು, ಮಗುವಿನ ಬೆರಳಿಗೆ ಗಾಯ, ಅಂಥದ್ದೇನೋ. ಒತ್ತಿ ನೋಡಿದ. ಒಂದು ಫೋಟೋ, ಅದರ ಕೆಳಗೆ ನಾಲ್ಕೈದು ಸಾಲು. ಓದಿದ. ಮೊದಲ ಸಾಲು ಚೆನ್ನಾಗಿ ಕೂತಿದೆ, ಎಳೆದುಕೊಂಡು ಹೋಗುತ್ತದೆ, ಯಾರಪ್ಪ ಬರೆದದ್ದು ಅನ್ನಿಸಿತು. ಎರಡನೇ ಸಾಲಿಗೆ ಬರುವಾಗ ತಾನೇ ಬರೆದದ್ದು ಅಂತ ಗೊತ್ತಾಯಿತು. ಎದೆ ಧಸಕ್ಕೆಂದಿತು ಅಂತ ಹೇಳಬೇಕು, ಅನ್ನಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬೇರೆ ಯಾರದೋ ಬರಹ ತಿದ್ದುವವನ ಹಾಗೆ ಪೂರ್ತಿ ಓದಿದ.

'ಮಗಳ ಊಟದ ಡಬ್ಬಿ ಇವತ್ತೂ ಹೋದ ಹಾಗೇ ವಾಪಸ್ ಬಂತು. ಮುಚ್ಚಳ ಬಿಗಿ. ತೆಗೆದುಕೊಡಿ ಅಂದಿದ್ದರೆ ಯಾರಾದರೂ ತೆಗೆದುಕೊಡುತ್ತಿದ್ದರು. ಶಾಲೆಯಲ್ಲಿ ಅವಳಿಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ಬಿಗಿಯಾಗಿ ಮುಚ್ಚಿ ಕಳಿಸಿದವನು ನಾನೇ, ಚೆಲ್ಲಬಾರದು ಅಂತ.'

ನಿನ್ನೆ ಸಂಜೆ ಸಿಂಕಿನ ಮುಂದೆ ನಿಂತಿದ್ದ. ಮಗಳು ಒಳಗೆ ಹೆಂಡತಿಯ ಹತ್ತಿರ ಏನೋ ಕಥೆ ಹೇಳುತ್ತಿದ್ದಳು, ಒಂದು ಬೆಕ್ಕಿಗೆ ಕನ್ನಡಕ ಬಂದ ಕಥೆ, ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಅವನು ಬ್ಯಾಗಿನಿಂದ ಡಬ್ಬಿ ತೆಗೆದ, ಅದೂ ಆ ಕಂಪನಿಯದ್ದೇ. ಭಾರವಾಗಿತ್ತು. ಮುಚ್ಚಳ ಎತ್ತಿದಾಗ ಬೆಳಿಗ್ಗೆ ತಾನು ಜೋಡಿಸಿಟ್ಟ ಊಟ ಒಂದಿಷ್ಟೂ ಅಲುಗಾಡದೆ ಹಾಗೇ ಇತ್ತು, ಅಂಚಿನಲ್ಲಿ ಹುಳಿ ವಾಸನೆ. 'ಯಾಕೆ ಗುಬ್ಬೀ ತಿಂದಿಲ್ಲ' ಅಂತ ಕೂಗಿದ. 'ಮುಚ್ಚಳ ಬರ್ಲಿಲ್ಲಪ್ಪಾ, ಕೈ ಕೆಂಪಗಾಯ್ತು, ಆಮೇಲೆ ಬೆಲ್ಲೂ ಹೊಡೀತು, ಆಮೇಲೆ ಬೆಕ್ಕು ಏನ್ ಮಾಡ್ತು ಗೊತ್ತಾ ಅಮ್ಮಾ...' ದೂರು ಕೂಡ ಅಲ್ಲ, ಕಥೆಯ ನಡುವೆ ಬಂದು ಹೋದ ಒಂದು ಮಾತು. ಹೊಟ್ಟೆ ಹಸಿದುಕೊಂಡು, ಎಲ್ಲರೂ ತಿನ್ನುವುದನ್ನು ನೋಡುತ್ತ, ಡಬ್ಬಿಯನ್ನು ಎದೆಗೊತ್ತಿಕೊಂಡು ಕೂತ ಮಗಳು ಅವನ ಕಣ್ಣಿಗೆ ಕಟ್ಟಿದಳು. ಆಗ ಏನಾದರೂ ಆಗಬೇಕಿತ್ತು. ಗಂಟಲು ಕಟ್ಟಬೇಕಿತ್ತು, ಒಳಗೆ ಹೋಗಿ ಅವಳ ತಲೆ ಸವರಬೇಕಿತ್ತು. ಬದಲಿಗೆ ಕೈ ಒರೆಸಿಕೊಂಡು ಫೋಟೋ ತೆಗೆದ. ಡಬ್ಬಿಯನ್ನು ಸ್ವಲ್ಪ ವಾರೆ ಮಾಡಿ, ಬೆಳಕು ಬೀಳುವ ಹಾಗೆ. ನೀಲಿ ಮುಚ್ಚಳದ ಮೇಲೆ ಮಗಳು ಪೆನ್ನಿನಿಂದ ಬರೆದ ಒಕ್ಕಣ್ಣ ಬೆಕ್ಕು ಕಾಣುವ ಹಾಗೆ.

ಅವನಿಗೆ ಒಂದು ಸ್ವಂತ ಖಾತೆಯೂ ಇತ್ತು. ಹೆಸರಿಲ್ಲದ್ದು, ಬೀಗ ಹಾಕಿದ್ದು, ಒಬ್ಬರೂ ಹಿಂಬಾಲಿಸದ್ದು. ಡೈರಿ ಬರೆಯುವವರು ಬರೆಯುವ ಹಾಗೆ ಅದರಲ್ಲಿ ಏನೇನೋ ಹಾಕುತ್ತಿದ್ದ, ಏಕೆಂದರೆ ಆ ಚೌಕದೊಳಗೆ ಬೆರಳಿಟ್ಟ ಹೊರತು ಅವನಿಗೆ ಇತ್ತೀಚೆಗೆ ಯೋಚನೆಯೇ ಓಡುತ್ತಿರಲಿಲ್ಲ. ಈ ಕಸುಬಿನವರೆಲ್ಲ ಒಂದೇ ಫೋನಿನಲ್ಲಿ ಹತ್ತು ಮುಖ ಇಟ್ಟುಕೊಂಡಿರುತ್ತಾರೆ. ಮೂಲೆಯ ಪುಟ್ಟ ಗುಂಡು ಚಿತ್ರ ಒತ್ತಿ ಹಿಡಿದರೆ ಮುಖ ಬದಲಾಗುತ್ತದೆ. ಬರೆಯುವ ಮೊದಲು ಆ ಗುಂಡು ಚಿತ್ರ ನೋಡು, ಆಮೇಲೆ ಇನ್ನೊಂದು ಸಲ ನೋಡು ಅಂತ ಹೊಸಬರಿಗೆ ಪಾಠ ಹೇಳುವವನೇ ಅವನು. ನಿನ್ನೆ ನೋಡಲಿಲ್ಲ. ಒರೆಸಿದರೂ ಬೆರಳು ಇನ್ನೂ ಒದ್ದೆಯಿತ್ತು.

ತೆಗೆದುಬಿಡಬೇಕು ಅಂತ ಮೂರು ಚುಕ್ಕಿ ಒತ್ತಿದ. 'ಅಳಿಸು' ಅನ್ನುವುದು ಕೆಂಪಕ್ಷರದಲ್ಲಿ ಬಂತು. ಅದರ ಹಿಂದೆ ಮಬ್ಬಾಗಿ ಲೈಕುಗಳು ಏರುತ್ತಿದ್ದವು, ಅವನು ನೋಡುತ್ತಿದ್ದ ಹಾಗೇ. ಈ ಖಾತೆಯಲ್ಲಿ ಅವನು ವರ್ಷಗಟ್ಟಲೆ ಕುಣಿದು ಕುಪ್ಪಳಿಸಿದರೂ, ಸ್ಪರ್ಧೆ ಇಟ್ಟು ಬಹುಮಾನ ಕೊಟ್ಟರೂ ಹೀಗೆ ಆದದ್ದಿಲ್ಲ. ಯಾರೋ ಬರೆದಿದ್ದರು, ನನ್ನ ಮಗನೂ ಹೀಗೇ. ಯಾರೋ, ಓದಿ ಕಣ್ಣಲ್ಲಿ ನೀರು ಬಂತು. ಇನ್ನು ಯಾರೋ, ಡಬ್ಬಿ ಕಂಪನಿಯೊಂದು ಹೀಗೆ ತನ್ನ ತಪ್ಪು ತಾನೇ ಹೇಳಿಕೊಂಡದ್ದು ಮೊದಲ ಸಲ ನೋಡಿದ್ದು. ಹೆಬ್ಬೆರಳು ಕೆಂಪಕ್ಷರದ ಮೇಲೆ ತೇಲುತ್ತಿತ್ತು. ಒಂದು ಕ್ಷಣ ಇರಲಿ, ಎಲ್ಲಿಯವರೆಗೆ ಹೋಗುತ್ತೆ ನೋಡೋಣ ಅಂತ ಒಳಗಿನಿಂದ ಯಾರೋ ಅಂದರು. ಆಂಟಿಯಿರಬೇಕು.

"ಗುರುಗಳೇ!" ಅಂತ ಮೇಡಂ ಬಾಗಿಲಿನಿಂದಲೇ ಕೂಗಿದಳು. ಮೇಡಂ ಅವನಿಗಿಂತ ಚಿಕ್ಕವಳು. ಆಫೀಸು ಅವಳದ್ದಾದರೂ ಅವನನ್ನು ಚುಡಾಯಿಸಲಿಕ್ಕೆ ಗುರುಗಳೇ ಅನ್ನುತ್ತಿದ್ದಳು. ಅವನು ಎದ್ದು ನಿಂತ. ಉಗಿಸಿಕೊಳ್ಳಲು ತಯಾರಾಗಿದ್ದ, ನಿಜ ಹೇಳಬೇಕೆಂದರೆ ಉಗಿದರೆ ಸಾಕು ಅಂತ ಕಾಯುತ್ತಿದ್ದ. ಕಂಪನಿಯ ಖಾತೆಯಲ್ಲಿ ಕಂಪನಿಯ ಡಬ್ಬಿಯನ್ನೇ ಬೈದಿದ್ದ. ಕೆಲಸ ಹೋದರೂ ಹೋಗಲಿ, ತೆಗೆದುಹಾಕು ಅಂತ ಯಾರಾದರೂ ಗದರಿದರೆ ಹೆಬ್ಬೆರಳಿಗೆ ಧೈರ್ಯ ಬರುತ್ತಿತ್ತು.

"ನೀವೇ ಬರೆದಿದ್ದು ತಾನೆ? ನಂಗೊತ್ತು ಬಿಡಿ. ಇಷ್ಟು ದಿನ ಎಲ್ಲಿ ಮುಚ್ಚಿಟ್ಕೊಂಡಿದ್ರಿ ಇದನ್ನ?"

"ತಪ್ಪಾಗಿ ಬಿದ್ದಿದೆ ಮೇಡಂ. ನನ್ನ ಖಾತೆಗೆ ಹೋಗ್ಬೇಕಿತ್ತು. ತೆಗೀತಾ ಇದ್ದೆ..."

"ತೆಗೆಯೋದಾ? ಹುಚ್ಚು ಹಿಡಿದಿದ್ಯಾ? ಕಂಪನಿಯವ್ರು ಬೆಳಿಗ್ಗೆಯಿಂದ ಫೋನ್ ಮಾಡ್ತಿದಾರೆ. ಸಲೀಸಾಗಿ ತೆಗೆಯೋ ಮುಚ್ಚಳ ಮುಂದಿನ ವಾರ ಮಾರ್ಕೆಟ್ಟಿಗೆ ಬರ್ತಿದೆ, ಮರೆತ್ರಾ? ಅದಕ್ಕೆ ಇದಕ್ಕಿಂತ ಬೇರೆ ಏನ್ ಬೇಕ್ರಿ!" ಆಮೇಲೆ ದನಿ ಇಳಿಸಿ, "ಮಗಳು ಹೇಗಿದಾಳೆ? ನಿಜವಾಗ್ಲೂ ಮಾತಾಡಲ್ವಾ ಸ್ಕೂಲಲ್ಲಿ? ಪಾಪ," ಅಂದಳು. ಆ ಪಾಪ ಸುಳ್ಳಲ್ಲ. ಮೇಡಂ ಕೆಟ್ಟವಳೇನಲ್ಲ, ಕೆಟ್ಟವಳಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು 'ಹೂಂ' ಅಂದ. ಅಲ್ಲಿಗೆ ಮುಗಿಯಿತು. ಬೇಡ ಮೇಡಂ, ಅದು ನನ್ನ ಮಗಳ ವಿಷಯ ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಆಂಟಿಯ ಬಾಯಲ್ಲಿ ದಿನಕ್ಕೆ ನೂರು ಮಾತು ಆಡುವವನು ತನ್ನ ಬಾಯಲ್ಲಿ ಅದೊಂದನ್ನು ಆಡಲಾರದೆ ಕುರ್ಚಿಯಲ್ಲಿ ಕೂತು ಪರದೆ ನೋಡಿದ.

ಮಗಳನ್ನು ಕರೆದುಕೊಂಡು ಹೋದಾಗ ಡಾಕ್ಟರು ಬಿಡಿಸಿ ಹೇಳಿದ್ದರು. ಹಠ ಅಲ್ಲ ಇದು, ನಾಚಿಕೆಯೂ ಅಲ್ಲ. ಯಾರೋ ನೋಡ್ತಿದಾರೆ ಅನ್ನಿಸಿದ ಕೂಡಲೇ ಅವಳ ಗಂಟಲು ಮುಚ್ಚಿಕೊಳ್ಳುತ್ತೆ, ಅವಳ ಕೈಲಿಲ್ಲ ಅದು. ಬಯ್ಯಬೇಡಿ, ಹೊಗಳಲೂಬೇಡಿ. ಮಾತಾಡಿದಾಗ ಚಪ್ಪಾಳೆ ಹೊಡೀಬೇಡಿ. ಮನೇಲಿ ಮಾತಾಡ್ತಾಳಲ್ಲ, ಅದೊಂದು ಜಾಗ ಅವಳಿಗೆ ಗಟ್ಟಿಯಾಗಿದೆ. ಅದನ್ನ ಕಾಪಾಡಿ, ಅಲ್ಲಿಂದ ಅವಳೇ ಒಂದೊಂದೇ ಹೆಜ್ಜೆ ಹೊರಗೆ ಇಡ್ತಾಳೆ. ಹೆಂಡತಿ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅವನು ಡಾಕ್ಟರ ಮೇಜಿನ ಮೇಲಿದ್ದ ಗಾಜಿನ ಗುಂಡು ನೋಡುತ್ತ, 'ಯಾರೂ ನೋಡದ ಜಾಗದಲ್ಲಿ ಅರಳುವ ಮಾತು' ಅಂತ ಒಂದು ಸಾಲು ಕಟ್ಟಿದ್ದ. ಸಾಲು ಸ್ವಲ್ಪ ಜಾಸ್ತಿಯಾಯಿತು ಅಂತ ಅಲ್ಲೇ ಕೂತು ಅಳಿಸಿಯೂ ಇದ್ದ. ತನಗೆ ಏನೋ ಕಾಯಿಲೆ ಇದೆ ಅಂತ ಅವನಿಗೆ ಅನ್ನಿಸಿದ್ದು ಅಂದೇ ಮೊದಲು. ಆ ಡಾಕ್ಟರನ್ನು ಅದರ ಬಗ್ಗೆ ಕೇಳುವ ಹಾಗಿರಲಿಲ್ಲ.

ಹೆಂಡತಿಯ ಫೋನು ಊಟದ ಹೊತ್ತಿಗೆ ಬಂತು. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಕೆಲಸದ ನಡುವೆ ಫೋನ್ ಮಾಡುವ ಪೈಕಿ ಅಲ್ಲ. "ರೀ, ಇಲ್ಲಿ ಯಾರೋ ತೋರ್ಸಿದ್ರು. ಗುಬ್ಬಿ ಡಬ್ಬಿ ಅದು. ಆ ಬೆಕ್ಕು ನಂಗೆ ಗೊತ್ತಾಗಲ್ವಾ?" ಅವನು, ಕೈತಪ್ಪಿ ಹೋಯಿತು ಅಂದ. "ಹೋಗ್ಲಿ, ಆಗತ್ತೆ. ತೆಗೀರಿ ಈಗ." ತೆಗೀತೀನಿ ಅಂದ. "ಈಗ ತೆಗೀರಿ ಅಂದೆ. ಅವಳ ಕ್ಲಾಸಿನ ತಾಯಂದಿರು ಫೋನ್ ಹಿಡ್ಕೊಂಡೇ ಕೂತಿರ್ತಾರೆ. ಅವಳಿಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತಿದ್ಯಾ ನಿಮ್ಗೆ?" ಗೊತ್ತು ಮಾರಾಯ್ತಿ, ತೆಗೀತೀನಿ ಅಂದೆನಲ್ಲ. ತುಸು ರೇಗಿಯೇ ಅಂದ. ರೇಗಿದ್ದರಿಂದ ಮಾತು ನಿಜ ಅನ್ನಿಸಿತು, ಅವಳಿಗೂ ಅವನಿಗೂ.

ಫೋನಿಟ್ಟವನು ಕಾಮೆಂಟುಗಳಿಗೆ ಉತ್ತರ ಬರೆಯಲು ಶುರು ಮಾಡಿದ. ಉತ್ತರ ಕೊಡದೆ ಬಿಡುವುದು ಈ ಕಸುಬಿನಲ್ಲಿ ದೊಡ್ಡ ಅಪರಾಧ. ಜನ ಬಾಗಿಲಿಗೆ ಬಂದಿರುವಾಗ ಒಳಗೇ ಕೂತ ಹಾಗೆ. ಮಗುವಿಗೆ ಒಳ್ಳೆಯದಾಗಲಿ ಅಂದವರಿಗೆ, ನಮ್ಮ ಕಡೆಯಿಂದ ಒಂದು ಮುತ್ತು ಕೊಡಿ ಅಂದವರಿಗೆ, ಹೆಸರೇನು ಪುಟಾಣಿಯದ್ದು ಅಂತ ಕೇಳಿದವರಿಗೆ. ಆಂಟಿಯ ದನಿ ತನ್ನಿಂತಾನೇ ಬರುತ್ತಿತ್ತು. ಬೆರಳಿಗೂ ತಲೆಗೂ ಸಂಬಂಧವೇ ಬೇಕಿರಲಿಲ್ಲ. ಅರ್ಧ ದಾರಿ ಹೋದ ಮೇಲೆ ತಾನು ಬರೆದದ್ದು ಕಣ್ಣಿಗೆ ಬಿತ್ತು: 'ನಿಮ್ಮ ಪ್ರೀತಿಯನ್ನೆಲ್ಲ ನಮ್ಮ ಗುಬ್ಬಿಗೆ ತಲುಪಿಸ್ತೀವಿ ಕಣಮ್ಮ.' ನಮ್ಮ ಗುಬ್ಬಿ. ಶಾಲೆಯ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಅಳೆದು ತೂಗಿ ಇಟ್ಟದ್ದು. ಗುಬ್ಬಿ ಅನ್ನುವುದು ಅವರ ಮನೆಯ ಎರಡು ಕೋಣೆ, ಒಂದು ಅಡುಗೆಮನೆಯೊಳಗೆ ಮಾತ್ರ ಓಡಾಡುತ್ತಿದ್ದ ಹೆಸರು. ಅದು ಕೂಡ ಹೊರಗೆ ಹೋಗಿತ್ತು. ಯಾರ ಒತ್ತಾಯವೂ ಇರಲಿಲ್ಲ, ಬೆರಳು ಒದ್ದೆಯಿರಲಿಲ್ಲ, ಗುಂಡು ಚಿತ್ರ ನೋಡದೆ ಆದದ್ದಲ್ಲ. ನಾಲಿಗೆ ಕಚ್ಚಿಕೊಂಡ. ಅಳಿಸಲು ಹೋದರೆ ಅದರ ಕೆಳಗೆ ಆಗಲೇ ಸಾಲುಗಟ್ಟಿ, ಗುಬ್ಬಿಗೆ ನಮ್ಮ ಪ್ರೀತಿ, ಗುಬ್ಬಿ ಚಿರಂಜೀವಿಯಾಗಲಿ.

ಸಂಜೆ ಮೀಟಿಂಗು. ಕಂಪನಿಯ ಕಡೆಯವರು ಪರದೆಯಲ್ಲಿ ಬಂದು ಕೂತು ಅವನನ್ನು ನೋಡಿ ಕೈಮುಗಿದರು. ಡಿಸೈನರ್ ಹುಡುಗಿ ನಾಲ್ಕು ಚಿತ್ರ ಮಾಡಿಕೊಂಡು ಬಂದಿದ್ದಳು. ಒಕ್ಕಣ್ಣ ಬೆಕ್ಕು ಈಗ ಅಚ್ಚುಕಟ್ಟಾಗಿ, ಎರಡೂ ಕಣ್ಣಿನಿಂದ ನಗುತ್ತಿತ್ತು. 'ಗುಬ್ಬಿಯ ಡಬ್ಬಿ' ಅಂತ ಸರಣಿ. ದಿನಕ್ಕೊಂದು. ಕೊನೆಯ ದಿನ ಹೊಸ ಮುಚ್ಚಳ, ಗುಬ್ಬಿ ತಾನೇ ತೆಗೆದು ತಿನ್ನುತ್ತಾಳೆ. "ಮುಖ ಬೇಡ, ಬರೀ ಕೈ ಸಾಕು," ಅಂದಳು ಮೇಡಂ, ತಾನೇನೋ ಬಿಟ್ಟುಕೊಡುತ್ತಿರುವ ಹಾಗೆ. ಅವನ ಮುಂದೆ ಮಗಳ ಕೈ ಬಂತು, ಉಗುರಿನ ಸುತ್ತ ಕಚ್ಚಿ ಕಚ್ಚಿ ಚರ್ಮ ಎದ್ದ ಬೆರಳುಗಳು. ಬೇಡ ಅನ್ನು ಅಂದುಕೊಂಡ. ಇದೇ ಜಾಗ, ಇದೇ ಹೊತ್ತು. ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು, ಏನಾದರೂ ಹೇಳಲಿ ಅಂತ ಪ್ರೀತಿಯಿಂದ ಕಾಯುತ್ತಿದ್ದರು, ಹಾಗಾಗಿ ಗಂಟಲಲ್ಲಿ ಏನೋ ಮುಚ್ಚಿಕೊಂಡಿತು. "ನಾಳೆಯದ್ದು ಬರ್ದಿಟ್ಟಿರ್ತೀರಾ?" ಅಂದರು ಪರದೆಯವರು. ತಲೆಯಾಡಿಸಿದ. ಅಲ್ಲೇ, ಮೇಜಿನ ಕೆಳಗೆ ಫೋನಿಟ್ಟುಕೊಂಡು ಬರೆದ. 'ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಅವಳ ಮಾತು ಶುರುವಾಗಿರುತ್ತದೆ. ನನಗೆ ಶೂ ಬಿಚ್ಚಲೂ ಪುರಸೊತ್ತು ಕೊಡುವುದಿಲ್ಲ.' ಬರೆಯುವಾಗ, ಸುಳ್ಳೇಕೆ, ಖುಷಿಯಾಯಿತು. ಬಹಳ ದಿನಗಳ ಮೇಲೆ ಒಂದು ಸಾಲು ಅವನೊಳಗಿನ ಜೋಮಿನ ತನಕ ಹೋಗಿ ಚುರ್ ಅನ್ನಿಸಿತು. ಮಗಳ ಮೇಲೆ ಎಷ್ಟು ಪ್ರೀತಿಯಿದೆ ಅಂತ ಆ ಸಾಲು ಓದಿ ಅವನಿಗೇ ಗೊತ್ತಾಯಿತು. ಮರುದಿನ ಬೆಳಿಗ್ಗೆ ತಾನಾಗಿಯೇ ಹೊರಬೀಳುವ ಹಾಗೆ ಹೊತ್ತು ಗೊತ್ತುಮಾಡಿ ಇಟ್ಟ.

ಆ ಸಂಜೆ ಮನೆಗೆ ಹೋದಾಗ ಮಗಳು ಎಂದಿನ ಹಾಗೆ ಮೈಮೇಲೆ ಬಿದ್ದು ಮಾತಾಡಿದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಕನ್ನಡಕದ ಬೆಕ್ಕು ಕೆಲಸಕ್ಕೆ ಸೇರಿತ್ತು, ಅದಕ್ಕೊಬ್ಬ ಮುಂಗೋಪಿ ಸಾಹೇಬ ಸಿಕ್ಕಿದ್ದ. "ಅಪ್ಪಾ, ನಿನ್ ಸಾಹೇಬ್ರೂ ಬಯ್ತಾರಾ?" ಅಂದಳು. "ಬಯ್ಯಲ್ಲ, ಹೊಗಳ್ತಾರೆ," ಅಂದ. "ಹಂಗಾದ್ರೆ ಬೆಕ್ಕನ್ನ ನಿನ್ ಆಫೀಸಿಗೇ ಸೇರಿಸ್ಕೋ," ಅಂತ ನಕ್ಕಳು. ಅವನೂ ನಕ್ಕ, ನಗುತ್ತ ಆ ಮಾತನ್ನು ಮನಸ್ಸಿನಲ್ಲೇ ಎತ್ತಿಟ್ಟುಕೊಂಡ, ಮೂರನೇ ದಿನಕ್ಕೆ ಆಗುತ್ತದೆ ಅಂತ. ಹೆಂಡತಿ ಬಟ್ಟೆ ಮಡಚುತ್ತ, "ತೆಗೆದ್ರಾ?" ಅಂದಳು. "ನಾಳೆ ಹೊತ್ತಿಗೆ ಹೋಗಿರುತ್ತೆ, ಮೇಡಂಗೆ ಹೇಳಿದೀನಿ," ಅಂದ. ಅವಳು ಮಡಚುತ್ತಿದ್ದ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಅವನ ಮುಖವನ್ನೇ ನೋಡಿದಳು.

ಟೀಚರ ಫೋನು ಮರುದಿನ ಮಧ್ಯಾಹ್ನ ಬಂತು. ಅವನು ಆಗ ಹಲ್ಲಾಗಿದ್ದ. ಎರಡನೆಯ ಸಾಲುಗಳು ಬೆಳಿಗ್ಗೆಯೇ ಹೊರಬಿದ್ದು, ಮೊದಲನೆಯದನ್ನೂ ಮೀರಿಸಿ ಓಡುತ್ತಿದ್ದವು. ಟೀಚರು ಒಳ್ಳೆಯ ಹೆಂಗಸು, ಎರಡು ವರ್ಷದಿಂದ ಮಗಳ ಬಾಯಿಂದ ಒಂದು ಮಾತು ಹೊರಡಲಿ ಅಂತ ಕಾದವರು, ಹಾಜರಿ ಕೂಗುವಾಗ ಅವಳು ಕೈಯೆತ್ತಿದರೆ ಸಾಕು ಅಂತ ಬಿಟ್ಟವರು.

"ಸಾರ್, ಮಾತಾಡಿದ್ಲು ಸಾರ್! ನಿಮ್ಮ ಮಗಳು ಕ್ಲಾಸಲ್ಲಿ ಮಾತಾಡಿದ್ಲು!" ಟೀಚರು ಕೂಗಿಯೇಬಿಟ್ಟರು. "ಜೋರಾಗಿ! ಎಲ್ರಿಗೂ ಕೇಳಿಸೋ ಹಾಗೆ!"

ಅವನು ಎದ್ದು ನಿಂತ. "ಏನಂದ್ಲು?"

ಟೀಚರು ತಡವರಿಸಿದರು. ಖುಷಿಯಲ್ಲಿ ಫೋನ್ ಮಾಡಿಬಿಟ್ಟಿದ್ದರು, ಇದನ್ನು ಹೇಳಬೇಕಾಗುತ್ತದೆ ಅಂತ ಹೊಳೆದಿರಲಿಲ್ಲ ಅನ್ನಿಸುತ್ತದೆ. "ಅದು... ಊಟಕ್ಕೆ ಬ್ಯಾಗಿಂದ ಡಬ್ಬಿ ತೆಗೆದಾಗ ಮುಚ್ಚಳದ ಮೇಲಿನ ಬೆಕ್ಕು ನೋಡಿ ಮಕ್ಕಳು ಸುತ್ತ ಸೇರ್ಕೊಂಡ್ವು ಸಾರ್. ಮನೇಲಿ ಅಮ್ಮಂದಿರ ಫೋನಲ್ಲಿ ನೋಡಿರ್ತಾವಲ್ಲ. ಗುಬ್ಬಿ ಡಬ್ಬಿ, ಗುಬ್ಬಿ ಡಬ್ಬಿ ಅಂತ. ಕೆಟ್ಟದ್ದಕ್ಕಲ್ಲ ಸಾರ್, ಪಾಪ ಅವು ಮುಚ್ಚಳ ತೆಗೆದುಕೊಡೋಕೆ ನಾ ಮುಂದು ತಾ ಮುಂದು ಅಂತ ಬಂದಿದ್ವು. ಫೋನಲ್ಲಿರೋಳು ನೀನೇ ಅಲ್ವಾ ಅಂತ ಒಬ್ಬಳು ಕೇಳಿದ್ಲು. ಆಗ ಇವಳು ಎದ್ದು ನಿಂತು... 'ಅದು ನಾನಲ್ಲ' ಅಂದ್ಲು. ಎರಡು ಸಲ ಅಂದ್ಲು ಸಾರ್. 'ಅದು ನಾನಲ್ಲ.' ಆಮೇಲೆ ಡಬ್ಬೀನ ಬ್ಯಾಗಿಗೆ ಹಾಕಿ ಕೂತ್ಲು." ಟೀಚರು ಉಸಿರೆಳೆದುಕೊಂಡರು. "ಆದ್ರೂ ಮಾತು ಮಾತೇ ಅಲ್ವಾ ಸಾರ್?"

ಹೌದು ಟೀಚರ್, ಥ್ಯಾಂಕ್ಸ್ ಟೀಚರ್ ಅಂದ. ಮಾತು ಮಾತೇ. ಎರಡು ವರ್ಷ ಕಾದ ಮಾತು. ಅದನ್ನು ಕೇಳುವ ಹೊತ್ತಿಗೆ ತಾನು ಏನೆಲ್ಲ ಮಾಡುತ್ತೇನೆ ಅಂತ ಅವನು ಕನಸು ಕಂಡಿದ್ದುಂಟು. ಓಡಿಹೋಗಿ ಶಾಲೆಯ ಗೇಟಿನಲ್ಲಿ ನಿಲ್ಲುವುದು, ಏನೂ ಗೊತ್ತಿಲ್ಲದವನ ಹಾಗೆ ಅವಳ ಬ್ಯಾಗು ಹೊತ್ತುಕೊಂಡು ನಡೆಯುವುದು, ದಾರಿಯುದ್ದಕ್ಕೂ ಚಪ್ಪಾಳೆ ಹೊಡೆಯದೆ ಇರುವುದು. ಅವನು ಕೂತ. ಕೂತು ಫೋನ್ ನೋಡಿದರೆ ಹೆಬ್ಬೆರಳು ಆಗಲೇ ಆಂಟಿಯ ಚೌಕದೊಳಗೆ ಇತ್ತು. 'ಇವತ್ತು ಗುಬ್ಬಿ ಶಾಲೆಯಲ್ಲಿ ಮೊದಲ ಸಲ ಮಾತಾಡಿದಳು. ಆಡಿದ್ದು ಎರಡೇ ಪದ.' ಅಷ್ಟು ಬರೆದು ಮುಗಿದಿತ್ತು. ಯಾವಾಗ ಬರೆದೆ ಅಂತ ಗೊತ್ತಾಗಲಿಲ್ಲ. ಬಹಳ ಒಳ್ಳೆಯ ಸಾಲು. ಮುಂದೇನು ಅಂತ ಯಾರೇ ಆದರೂ ನಿಂತು ಓದುವ ಸಾಲು. ಅದನ್ನು ನೋಡುತ್ತ ನೋಡುತ್ತ ಅವನಿಗೆ ತನ್ನ ಕೈಯ ಮೇಲೆ ಹೇಸಿಗೆ ಬಂತು, ತಟ್ಟೆಯ ಅಂಚಿನಲ್ಲಿ ಓಡಾಡುವ ಜಿರಲೆ ನೋಡಿದಾಗ ಬರುವಂಥ ಹೇಸಿಗೆ.

ಸಾಲು ಅಳಿಸಿದ. ಎರಡೂ ಪೋಸ್ಟು ತೆಗೆದ. ಮೂರು ಚುಕ್ಕಿ, ಕೆಂಪಕ್ಷರ, 'ನಿಜವಾಗಿಯೂ ಅಳಿಸಬೇಕೇ?', ಹೌದು. ಅಷ್ಟೇ. ನಿನ್ನೆಯಿಂದ ಬೆಟ್ಟದ ಹಾಗೆ ಕೂತಿದ್ದ ಕೆಲಸ ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಇಷ್ಟು ಸುಲಭವಿತ್ತು ಅನ್ನುವುದೇ ಮುಖಕ್ಕೆ ಹೊಡೆದ ಹಾಗಾಯಿತು. ಮೇಡಂ ಬಂದು, "ಗುರುಗಳೇ, ಏನ್ರಿ ಇದು, ಕಾಣ್ತಾನೇ ಇಲ್ಲ! ಹ್ಯಾಕ್ ಆಯ್ತಾ?" ಅಂದಳು. ತೆಗೆದೆ ಮೇಡಂ ಅಂದ. "ಯಾಕ್ರೀ?" ಮಗಳು ಬೇಡ ಅಂದಳು ಅಂದ. ಮೇಡಂ ಅವನ ಮುಖ ನೋಡಿ ಗದರಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಸರಿ ಬಿಡಿ, ಅರ್ಥ ಆಗುತ್ತೆ. ಆದ್ರೆ ಹೋಗಿಲ್ಲ ಅದು, ಗೊತ್ತಲ್ಲ. ಅಮ್ಮಂದಿರ ಗುಂಪುಗಳೆಲ್ಲ ಎತ್ಕೊಂಡು ಹಾಕ್ಕೊಂಡಿದಾವೆ," ಅಂದಳು. ಗೊತ್ತು. ಅದು ಅವನ ಕಸುಬು. ಒಮ್ಮೆ ಹೊರಗೆ ಹೋದದ್ದು ಎಲ್ಲಿಯವರೆಗೂ ಹೋಗಲಿ ಅಂತ ಸಂಬಳ ತೆಗೆದುಕೊಳ್ಳುವವನಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಬೇಗ ಹೊರಟ. ಮೆಟ್ಟಿಲು ಹತ್ತುವಾಗ ಏನು ಹೇಳಬೇಕು ಅಂತ ಜೋಡಿಸಿಕೊಂಡ. ತಪ್ಪಾಯಿತು ಕಂದಾ. ಇದು ಆಂಟಿಯ ಮಾತು. ಅಪ್ಪ ಬೇಕಂತ ಮಾಡಲಿಲ್ಲ. ಇದು ಸುಳ್ಳು. ನಿನ್ನ ಮೇಲೆ ಪ್ರೀತಿ ಅದಕ್ಕೆ... ಛೇ. ಯಾವುದನ್ನು ಎತ್ತಿಕೊಂಡರೂ ಮೊದಲ ಸಾಲು ಹಿಡಿಯುತ್ತದೋ ಇಲ್ಲವೋ ಅಂತಲೇ ಬುದ್ಧಿ ಓಡುತ್ತಿತ್ತು. ಬೀಗದ ಕೈ ತಿರುಗಿಸಿದಾಗ ಒಳಗಿಂದ ಮಗಳ ದನಿ ಕೇಳಿಸುತ್ತಿತ್ತು, ಅಮ್ಮನಿಗೆ ಏನೋ ಹೇಳುತ್ತಿದ್ದಳು, ಜೋರಾಗಿ, ಓಡುವ ದನಿಯಲ್ಲಿ. ಬಾಗಿಲು ತೆರೆಯಿತು. ಮಾತು ನಿಂತಿತು.

ಅವಳು ಸೋಫಾದ ಮೇಲೆ ಮಂಡಿಯೂರಿ ಕೂತಿದ್ದಳು. ಅವನನ್ನು ನೋಡಿದಳು. ಕೋಪ ಇರಲಿಲ್ಲ, ಅಳುವೂ ಇರಲಿಲ್ಲ. ಶಾಲೆಯ ವಾರ್ಷಿಕ ಸಭೆಯ ದಿನ ಅವನು ಕಿಟಕಿಯಿಂದ ಇಣುಕಿ ನೋಡಿದ್ದ ಮುಖ ಅದು, ತರಗತಿಯಲ್ಲಿ ಕೂತ ಮುಖ, ತುಟಿ ಒಂದಕ್ಕೊಂದು ಅಂಟಿಕೊಂಡು ಕಣ್ಣು ಮಾತ್ರ ಓಡಾಡುವ ಮುಖ. ಮನೆಯಲ್ಲಿ ಆ ಮುಖವನ್ನು ಅವನು ಕಂಡಿರಲೇ ಇಲ್ಲ. "ಗುಬ್ಬೀ," ಅಂದ. ಆ ಹೆಸರು ಬಾಯಿಂದ ಬಿದ್ದ ಕೂಡಲೇ ಬೇರೆ ಎಷ್ಟೋ ಬಾಯಿಗಳ ಎಂಜಲು ಅದಕ್ಕೆ ಅಂಟಿಕೊಂಡ ಹಾಗೆ ಅನ್ನಿಸಿತು. "ತೆಗೆದುಬಿಟ್ಟೆ ಪುಟ್ಟಾ. ಎಲ್ಲಾ ತೆಗೆದೆ. ಅಪ್ಪ ಇನ್ಮೇಲೆ ಬರೆಯಲ್ಲ." ಫೋನನ್ನು ಎತ್ತಿ ತೋರಿಸಿದ. ಅವಳು ಫೋನ್ ನೋಡಿ ಕಾಲು ಒಳಗೆ ಎಳೆದುಕೊಂಡಳು. ಬಾಯಿ ಸ್ವಲ್ಪ ತೆರೆಯಿತು. ಕುತ್ತಿಗೆಯಲ್ಲಿ ಏನೋ ಮೇಲೆ ಬಂದು ಕೆಳಗೆ ಹೋದದ್ದು ಅವನಿಗೆ ಕಾಣಿಸಿತು. ಅವಳು ಪ್ರಯತ್ನ ಮಾಡುತ್ತಿದ್ದಾಳೆ, ತನ್ನ ಸಲುವಾಗಿಯೇ ಮಾಡುತ್ತಿದ್ದಾಳೆ, ಆಗುತ್ತಿಲ್ಲ ಅಂತ ಅವನಿಗೆ ಅರ್ಥವಾಯಿತು. ಅವಳ ಕೈಲಿಲ್ಲ ಅದು.

"ಬೇಡ, ಬೇಡ ಬಿಡು, ಮಾತಾಡ್ಬೇಡ," ಅಂದ. ಎರಡು ದಿನದಲ್ಲಿ ಅವನು ಸ್ವಂತ ಬಾಯಿಂದ ಆಡಿದ ಮೊದಲ ಮಾತು ಅದೇ ಇರಬೇಕು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಯ್ಯಲಿಲ್ಲ. ದನಿಯಲ್ಲಿ ಸುಸ್ತು ಮಾತ್ರ ಇತ್ತು. "ಸ್ಕೂಲಿಂದ ಬಂದಾಗಿಂದ ಒಂದೂ ಮಾತಾಡಿರ್ಲಿಲ್ಲ. ಈಗಷ್ಟೇ ಶುರು ಮಾಡಿದ್ಲು ರೀ," ಅಂದಳು. ಅವನಿಗೆ ಅಷ್ಟು ಸಾಕಾಯಿತು. ಬಿಚ್ಚಿದ್ದ ಒಂದು ಶೂವನ್ನು ಮತ್ತೆ ಹಾಕಿಕೊಂಡ. "ಸ್ವಲ್ಪ ಕೆಳಗೆ ಹೋಗಿ ಬರ್ತೀನಿ," ಅಂತ ಯಾರಿಗೋ ಎಂಬಂತೆ ಹೇಳಿ ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಕೆಳಗೆ ಹೋಗಲಿಲ್ಲ. ಮೆಟ್ಟಿಲಿನ ಮೇಲೆ, ಗೋಡೆಗೆ ಒರಗಿ ಕೂತ. ಒಳಗೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ಅಪ್ಪ ಹೋದ್ನಾ?" ಅಂತ ಸಣ್ಣಗೆ ಕೇಳಿಸಿತು. ಹೋದ್ರು ಅಂದಳು ಹೆಂಡತಿ. ಆಮೇಲೆ ಮೊದಲು ಒಂದೊಂದಾಗಿ, ತಡವರಿಸಿ, ಆಮೇಲೆ ಒಂದರ ಮೇಲೊಂದು ಬಿದ್ದು ಮಾತು ಬರಲು ಶುರುವಾಯಿತು. ಏನು ಅಂತ ಕೇಳಿಸುತ್ತಿರಲಿಲ್ಲ, ಬರೀ ದನಿ. ನಡುವೆ ಒಮ್ಮೆ ಅತ್ತಳು, ಅತ್ತು ಮತ್ತೆ ಮಾತಾಡಿದಳು. ಅವನ ಎದೆಯಲ್ಲಿ ಜೋಮು ಬಿಡುವಾಗಿನ ಹಾಗೆ ಸಾವಿರ ಸೂಜಿ ಒಟ್ಟಿಗೇ ಚುಚ್ಚಿದವು, ತಡೆಯಲಾರದಷ್ಟು ನೋವಾಯಿತು. ಬಾಗಿಲಿಗೆ ಕಿವಿಯಾನಿಸಿ ಕೇಳಬೇಕು ಅನ್ನಿಸಿತು. ಕೇಳಬಾರದು ಅಂತ ಎರಡು ಮೆಟ್ಟಿಲು ಕೆಳಗೆ ಇಳಿದು ಕೂತ.

ಮೇಲಿನ ಮನೆಯವರು ಚೀಲ ಹಿಡಿದು ಏದುಸಿರು ಬಿಡುತ್ತ ಹತ್ತಿಕೊಂಡು ಬಂದರು. ಅವನನ್ನು ಕಂಡು ನಿಂತು, "ಏನ್ ಸಾರ್, ಇಲ್ಲಿ ಕೂತಿದೀರಾ? ಕೀ ಮರೆತ್ರಾ? ಒಳಗೆ ಯಾರೂ ಇಲ್ವಾ?" ಅಂದರು.

ಹೇಳಲಿಕ್ಕೆ ಬಾಯಿ ತೆರೆದ. ಇಲ್ಲಿ ಮಾತಾಡಿದರೆ ಒಳಗೆ ಕೇಳಿಸುತ್ತದೆ, ಅವಳಿಗೆ ತಾನು ಇಲ್ಲೇ ಇರುವುದು ಗೊತ್ತಾಗುತ್ತದೆ. ತುಟಿ ಮುಚ್ಚಿಕೊಂಡು, ಕೈಯೆತ್ತಿ, ಏನೂ ಇಲ್ಲ ನೀವು ಹೋಗಿ ಅಂತ ಸನ್ನೆ ಮಾಡಿದ.